ಶಿಲೆಯ ಓಲೆಗರಿಗಳು

ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆಯಿತ್ತ ವಚನಗಳನ್ನು ಓದಿ ಬೆಳೆದವರು ಪಾಳುಗುಡಿಯ ಕಲ್ಲುಕಂಬಗಳಿಗಾಗಿ ಚಿಂತಿಸುವುದೇಕೆಂದು ಕೆಲವರು ಪ್ರಶ್ನಿಸುವುದುಂಟು. ಪ್ರಶ್ನೆ ಉಪೇಕ್ಷಣೀಯವಲ್ಲ. ಆದರೆ ಆ ವಚನಗಳಾದರೂ ನಮಗೆ ದೊರೆತುದು ಹೇಗೆ? ಮನೆಗಳಲ್ಲಿ, ಮಠಗಳಲ್ಲಿ ಹುಳು ತಿನ್ನುತ್ತಿದ್ದ ತಾಡವೋಲೆಗಳನ್ನು ಫ. ಗು. ಹಳಕಟ್ಟಿಯವರು ಅರಸಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಓಲೆ ಅಳಿದಿದ್ದರೆ ನುಡಿಯೂ ಅಳಿಯುತ್ತಿತ್ತು. ಊರಿನ ಪ್ರಾಚೀನ ಕಟ್ಟಡವೂ ಅಂಥದೇ ಒಂದು ಓಲೆ.

ಪಾವಗಡ ತಾಲ್ಲೂಕಿನ ನಿಡಗಲ್ಲನ್ನೇ ನೋಡಬಹುದು. ಇಂದು ಅದು ಬೆಟ್ಟದಡಿಯ ಚಿಕ್ಕ ಹಳ್ಳಿ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ನಿಡುಗಲ್ಲು ಚೋಳರ ದುರ್ಗ. ಶಾಸನಗಳಲ್ಲಿ ಈ ಬೆಟ್ಟಕ್ಕೆ ಕಾಳಾಂಜನವೆಂಬ ಹೆಸರೂ ಉಂಟು. ಇರುಂಗೋಳನ ಆಳಿಕೆಯಲ್ಲಿ, 1232ರಲ್ಲಿ, ಗಂಗೇಯನ ಮಾರೆಯನೆಂಬವನು ಇಲ್ಲಿ ಪಾರ್ಶ್ವಜಿನರ ಬಸದಿಯನ್ನು ಕಟ್ಟಿಸಿದನು. ಶಿವಾಲಯಗಳಿರುವ ಬೆಟ್ಟದಲ್ಲಿಯೇ ಬಸದಿಯೂ ಎದ್ದಿತೆಂಬ ಈ ಸಂಗತಿಯನ್ನು ನಮಗೆ ತಿಳಿಸಿದುದು ಕಲ್ಲು. ಬಿ. ಎಲ್. ರೈಸರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ಹೊರತಂದಾಗ ಆ ಕಲ್ಲಿನ ಮಾತು ಗ್ರಂಥವಾಯಿತು.

ಕಳೆದುಕೊಂಡುದರ ನಿದರ್ಶನ ನೆರೆಯ ಶಿರಾದಲ್ಲಿದೆ. 1687ರಿಂದ ಮೊಗಲರ ಸುಬೆಯ ಮುಖ್ಯಪಟ್ಟಣವಾಗಿದ್ದ ಆ ಊರಿನಲ್ಲಿ ಮಲಿಕ್ ರಿಹಾನನ ಗೋರಿಯೂ 1696ರ ಕಲ್ಲಿನ ಜುಮ್ಮಾ ಮಸೀದಿಯೂ ಉಳಿದಿವೆ; ದಿಲಾವರ್ ಖಾನನ ಅರಮನೆ ಉಳಿಯಲಿಲ್ಲ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅದೇ ಮಾದರಿಯಾಯಿತೆಂಬ ಪ್ರತೀತಿಯಿದೆ. 1791ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಟಿಪ್ಪುವಿನ ಮರದ ಅರಮನೆಯನ್ನು ಕಂಡು ಅದರ ಚೆಲುವನ್ನು ಊಹಿಸಬೇಕಾಗಿದೆ. ಮೂಲಪ್ರತಿ ನಷ್ಟವಾಗಿ ನಕಲು ಮಾತ್ರ ಉಳಿದ ಗ್ರಂಥದ ಸ್ಥಿತಿ ಇದು.

ಉಳಿಸುವುದೆಂದರೆ ಹೊಸದಾಗಿಸುವುದಲ್ಲ. ಗ್ರಂಥಸಂಪಾದಕನು ಲುಪ್ತವಾದ ಅಕ್ಷರದ ಎಡೆಯನ್ನು ಚುಕ್ಕಿಗಳಿಂದ ತೋರಿಸುತ್ತಾನೆ. ತನ್ನ ಮಾತನ್ನು ತುಂಬಿದರೆ ಅದು ಪ್ರಕ್ಷಿಪ್ತ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಹಾಸುಗಲ್ಲು ಕಿತ್ತು ನುಣುಪು ಗ್ರಾನೈಟು ಹಾಸುವುದು, ಶಾಸನದ ಮೇಲೆ ಬಣ್ಣ ಬಳಿಯುವುದು ಇಂಥ ಪ್ರಕ್ಷಿಪ್ತಗಳೇ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ತಡೆದು ಹಳೆಯ ಇಟ್ಟಿಗೆ, ಕಲ್ಲುಗಳನ್ನು ಸವೆಸುತ್ತದೆ. ಸಂದಿಯಲ್ಲಿ ಮೊಳೆತ ಅರಳಿಯನ್ನು ಸಸಿಯಾಗಿದ್ದಾಗಲೇ ಕಿತ್ತರೆ ಗೋಡೆ ಬಿರಿಯದು. ಬಿಚ್ಚಿ ಕಟ್ಟಲೇಬೇಕಾದಲ್ಲಿ ಪ್ರತಿ ಕಲ್ಲಿಗೂ ಅಂಕೆಯಿಟ್ಟು, ಮೊದಲಿನ ಎಡೆಯಲ್ಲಿಯೇ ಕೂಡಿಸಬೇಕು.

1961ರ ರಾಜ್ಯ ಕಾಯಿದೆಯ ಆಶ್ರಯ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗಷ್ಟೆ. ಉಳಿದ ಗುಡಿ, ಮಂಟಪ, ಕಲ್ಯಾಣಿಗಳಿಗೆ ಊರೇ ದಿಕ್ಕು. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ನಾಡಿನ ಅನೇಕ ಹಳ್ಳಿಗಳಲ್ಲಿ ಶಿಥಿಲ ದೇಗುಲಗಳನ್ನು ನಿಲ್ಲಿಸಿದಾಗ, ವೆಚ್ಚದ ಶೇಕಡ 40ನ್ನು ಸರ್ಕಾರ, 40ನ್ನು ಟ್ರಸ್ಟು, 20ನ್ನು ಊರವರು ಭರಿಸುವ ಕ್ರಮವನ್ನು ಅನುಸರಿಸಿತು. ಊರವರ ಆ ಐದನೆಯ ಒಂದು ಪಾಲು ಹಣದ ಲೆಕ್ಕಕ್ಕೆ ಕಿರಿದು. ಆದರೆ ಕೊಟ್ಟವನೇ ಮುಂದೆ ಕಾಯುವವನು.

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಶಾಲೆಗಳು ಮೊದಲ ಹೆಜ್ಜೆಯಾಗಿ ತಮ್ಮ ಊರಿನ ಶಾಸನವನ್ನು ಮಕ್ಕಳಿಂದ ಓದಿಸಲಿ. ಅಕ್ಷರವೆಂದು ತಿಳಿದ ಮೇಲೆ ಆ ಕಲ್ಲನ್ನು ಯಾರೂ ಬಟ್ಟೆ ಒಗೆಯಲು ಒಯ್ಯಲಾರರು.