ಅವೊಲೊವೊ ಒಬ್ಬರೇ ಅಲ್ಲ: ಯೊರೂಬಾ ನಾಡಿನಲ್ಲಿ ಶಾಲೆ ಬಾಗಿಲು ತೆರೆದವರು

ಬರಹ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಆಫ್ರಿಕಾ ಅಂದ ತಕ್ಷಣ ನಮ್ಮ ಸಭೆಗಳಲ್ಲಿ ಮಂಡೇಲಾ ಹೆಸರು ಬರುತ್ತೆ. ಇನ್ನೂ ಓದಿಕೊಂಡವರು ಲುಮುಂಬಾ, ಸಂಕಾರಾ ಅಂತಾರೆ. ನೈಜೀರಿಯಾದ ನೈರುತ್ಯ ಭಾಗದಲ್ಲಿರುವ ಯೊರೂಬಾ ಜನರ ನಾಯಕರ ಬಗ್ಗೆ ನಾವು ಮಾತಾಡಿದ್ದು ಕಮ್ಮಿ. ಲಾಗೋಸ್, ಇಬಾದಾನ್, ಅಬೆಯೋಕುಟಾ ಇವರ ಊರುಗಳು. 1955ರ ಜನವರಿ 17ರಂದು ಇವರ ಪಶ್ಚಿಮ ಪ್ರಾಂತ್ಯದಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಉಚಿತ ಆಯ್ತು. ಆಗಿನ್ನೂ ನೈಜೀರಿಯಾಕ್ಕೆ ಸ್ವಾತಂತ್ರ್ಯವೇ ಬಂದಿರಲಿಲ್ಲ, ಅದು ಬಂದಿದ್ದು 1960ರಲ್ಲಿ. 1954ರಲ್ಲಿ ಸುಮಾರು ನಾಲ್ಕೂವರೆ ಲಕ್ಷ ಮಕ್ಕಳು ಶಾಲೆಯಲ್ಲಿದ್ದರು. ಮರುವರ್ಷ ಆ ಸಂಖ್ಯೆ ಎಂಟು ಲಕ್ಷ ದಾಟಿತು. ಒಂದೇ ವರ್ಷದಲ್ಲಿ!

ಈ ಕೆಲಸದ ಕೀರ್ತಿಯೆಲ್ಲ ಒಬಾಫೆಮಿ ಅವೊಲೊವೊ ಅನ್ನೋ ಒಬ್ಬ ನಾಯಕನಿಗೆ ಹೋಗುತ್ತೆ. ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಆದರೆ ನಾನು ಆಫೀಸಲ್ಲಿ ಕ್ಲರ್ಕು. ಭಾಷಣದಲ್ಲಿ ಹೇಳಿದ್ದು ಜನರ ಮನೆ ಬಾಗಿಲಿಗೆ ಬರಬೇಕಾದರೆ ಎಷ್ಟು ಟೇಬಲ್ ದಾಟಬೇಕು ಅಂತ ದಿನಾ ನೋಡ್ತೀನಿ. ಅದಕ್ಕೇ ಇದನ್ನ ಓದುವಾಗೆಲ್ಲ ನನ್ನ ಪ್ರಶ್ನೆ ಒಂದೇ. ದುಡ್ಡು ಎಲ್ಲಿಂದ ಬಂತು, ಕಡತ ಯಾರು ಬರೆದರು, ಅದಕ್ಕೂ ಮೊದಲು ಕೇಳೋ ಧೈರ್ಯ ಯಾರು ಕೊಟ್ಟರು?

ಧೈರ್ಯದ ಕತೆ ತುಂಬಾ ಹಿಂದೆ ಶುರುವಾಗುತ್ತೆ. 1821ರಲ್ಲಿ ಅಜಾಯಿ ಅನ್ನೋ ಯೊರೂಬಾ ಹುಡುಗನನ್ನು ದಾಳಿಕೋರರು ಹಿಡಿದು ಗುಲಾಮನಾಗಿ ಮಾರಿದರು. ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಪೋರ್ಚುಗೀಸರ ಹಡಗು ಸೇರಿದ. ಗುಲಾಮರ ವ್ಯಾಪಾರ ತಡೆಯುತ್ತಿದ್ದ ಬ್ರಿಟಿಷ್ ನೌಕಾಪಡೆ 1822ರಲ್ಲಿ ಆ ಹಡಗು ಹಿಡಿದು ಅವನನ್ನು ಫ್ರೀಟೌನ್‌ನಲ್ಲಿ ಇಳಿಸಿತು. ಆ ಹುಡುಗ ಓದಿ, ಪಾದ್ರಿಯಾಗಿ, 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದ. ಅವರೇ ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್. ಬೈಬಲನ್ನು ಯೊರೂಬಾ ಭಾಷೆಗೆ ತಂದವರಲ್ಲಿ ಮುಖ್ಯರು.

ಇಷ್ಟೆಲ್ಲ ಆದ ಮೇಲೆ ಮರ್ಯಾದೆ ಸಿಕ್ಕಿತಾ? ವಯಸ್ಸಾದ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಹುಡುಗ ಮಿಷನರಿಗಳು ಅವರ ಕೈಕೆಳಗಿನ ಕರಿಯ ಪಾದ್ರಿಗಳ ಮೇಲೆ ಆರೋಪ ಹೊರಿಸಿ ಕೆಲಸದಿಂದ ತೆಗೆದರು. ಬಿಷಪ್ಪರ ಮಾತಿಗೇ ಬೆಲೆ ಇರಲಿಲ್ಲ. 1891ರಲ್ಲಿ ಕ್ರೌದರ್ ತೀರಿಕೊಂಡರು, ಅವರ ಜಾಗಕ್ಕೆ ಬಿಳಿಯರನ್ನೇ ತಂದು ಕೂರಿಸಿದರು. ಕುರ್ಚಿ ಸಿಕ್ಕಿದರೂ ಅಧಿಕಾರ ಸಿಗದ ಕತೆ ನಮಗೇನು ಹೊಸದಲ್ಲ. ಮೀಸಲು ಕ್ಷೇತ್ರದ ಎಷ್ಟೋ ಪಂಚಾಯ್ತಿ ಅಧ್ಯಕ್ಷರನ್ನು ಕೇಳಿ, ಹೇಳ್ತಾರೆ.

ಕ್ರೌದರ್ ಅವರ ಅಳಿಯನ ಹೆಸರು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. ಗಾಬರಿ ಆಗಬೇಡಿ, ನಮ್ಮ ಶಿಕ್ಷಣದ ಬಗ್ಗೆ 1835ರಲ್ಲಿ ಟಿಪ್ಪಣಿ ಬರೆದ ಇಂಗ್ಲಿಷ್ ಮೆಕಾಲೆ ಬೇರೆ, ಈ ಮೆಕಾಲೆ ಬೇರೆ. ಹೆಸರು ಮಾತ್ರ ಅದೇ. ಇವರು 1859ರಲ್ಲಿ ಲಾಗೋಸಿನಲ್ಲಿ ಗ್ರಾಮರ್ ಸ್ಕೂಲ್ ಶುರು ಮಾಡಿದವರು. ಇವರ ಮಗ ಹರ್ಬರ್ಟ್ ಮೆಕಾಲೆ ಇಂಗ್ಲೆಂಡಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿತು ಬಂದು ಲಾಗೋಸಿನಲ್ಲಿ ಸರ್ಕಾರಿ ಸರ್ವೇಯರ್ ಆದರು. ಅದೇ ಕೆಲಸ ಮಾಡೋ ಬಿಳಿಯರಿಗೆ ಒಂದು ಸಂಬಳ, ಕರಿಯರಿಗೆ ಇನ್ನೊಂದು. 1898ರಲ್ಲಿ ಕೆಲಸ ಬಿಟ್ಟು ಹೊರಗೆ ಬಂದರು.

ಬಿಟ್ಟಿದ್ದು ಸರ್ಕಾರಿ ಕೆಲಸವನ್ನು. ಅಳತೆ, ನಕ್ಷೆ, ದಾಖಲೆ ಓದೋ ವಿದ್ಯೆ ಅವರ ಜೊತೆಗೇ ಬಂತು. ಲಾಗೋಸಿನ ಅಪಾಪಾದಲ್ಲಿ ಸರ್ಕಾರ ಸಮುದಾಯದ ಜಮೀನು ವಶಪಡಿಸಿಕೊಂಡಾಗ ಮುಖಂಡ ಅಮೋದು ತಿಜಾನಿ ಒಲುವಾ ಕೇಸು ಹಾಕಿದರು. ಮೆಕಾಲೆ ಅವರ ಜೊತೆ ಲಂಡನ್ನಿಗೆ ಹೋದರು. 1921ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು: ನೆಲ ಸಮುದಾಯದ್ದು, ಅದಕ್ಕೆ ತಕ್ಕ ಪರಿಹಾರ ಕೊಡಬೇಕು. 1923ರಲ್ಲಿ ಮೆಕಾಲೆ ಪಕ್ಷ ಕಟ್ಟಿದರು. ಲಾಗೋಸಿನ ಮೂರೂ ಸೀಟು ಆ ಪಕ್ಷ ಗೆದ್ದಿತು. ಆದರೆ ವರ್ಷಕ್ಕೆ 100 ಪೌಂಡ್ ಆದಾಯ ಇರೋ ಗಂಡಸರಿಗೆ ಮಾತ್ರ ಓಟು. ಹೆಂಗಸರಿಗಿಲ್ಲ, ಕೂಲಿಯವರಿಗಿಲ್ಲ. ಕೋರ್ಟಿನಲ್ಲಿ ಶಿಕ್ಷೆಯಾಗಿದ್ದರಿಂದ ಸ್ವತಃ ಮೆಕಾಲೆಯೇ ಚುನಾವಣೆಗೆ ನಿಲ್ಲುವ ಹಾಗಿರಲಿಲ್ಲ.

ಓಟಿಲ್ಲದ ಹೆಂಗಸರ ಕತೆಗೆ ಅಬೆಯೋಕುಟಾಕ್ಕೆ ಹೋಗಬೇಕು. ಫುನ್ಮಿಲಾಯೊ ರಾನ್ಸಮ್-ಕುಟಿ ಹುಟ್ಟಿದ್ದು 1900ರಲ್ಲಿ. ಅಬೆಯೋಕುಟಾ ಗ್ರಾಮರ್ ಸ್ಕೂಲಿಗೆ ಸೇರಿದ ಮೊದಲ ಹುಡುಗಿ. ಇಂಗ್ಲೆಂಡಿಗೆ ಹೋಗಿ ಓದಿ ಬಂದು ತಮ್ಮ ಇಂಗ್ಲಿಷ್ ಹೆಸರುಗಳನ್ನು ಕೈಬಿಟ್ಟರು. ಮೊದಲು ಕಟ್ಟಿದ್ದು ಓದಿದ ಹೆಂಗಸರ ಕ್ಲಬ್ಬು. ಆಮೇಲೆ ಸಂತೆಯಲ್ಲಿ ಕೂತು ವ್ಯಾಪಾರ ಮಾಡೋ ಹೆಂಗಸರಿಗೆ ಅಕ್ಷರ ಕಲಿಸೋಕೆ ಶುರು ಮಾಡಿದಾಗ ಅವರ ಕಷ್ಟ ಕಿವಿಗೆ ಬಿತ್ತು. ಅಧಿಕಾರಿಗಳು ಅಕ್ಕಿ ಕಿತ್ತುಕೊಂಡು ಹೋಗ್ತಾರೆ. ಹೆಂಗಸರ ಮೇಲೆ ಬೇರೆಯಾಗಿ ತಲೆಗಂದಾಯ ಹಾಕ್ತಾರೆ. ಇಷ್ಟು ಕೊಟ್ಟರೂ ಊರಿನ ಆಡಳಿತದಲ್ಲಿ ಒಬ್ಬ ಹೆಂಗಸಿಗೂ ಜಾಗ ಇಲ್ಲ.

1946ರಲ್ಲಿ ಆ ಕ್ಲಬ್ಬು ಅಬೆಯೋಕುಟಾ ಮಹಿಳಾ ಸಂಘ ಆಯ್ತು. ಫುನ್ಮಿಲಾಯೊ ವಿಲಾಯಿತಿ ಉಡುಪು ಬಿಟ್ಟು ಸಂತೆಯ ಹೆಂಗಸರ ಹಾಗೇ ಬಟ್ಟೆ ಸುತ್ತಿಕೊಂಡರು, ಸಭೆಯಲ್ಲಿ ಯೊರೂಬಾ ಮಾತಾಡಿದರು. ಅರ್ಥ ಆಗದ ಬ್ರಿಟಿಷ್ ಅಧಿಕಾರಿ ಬೇಕಿದ್ದರೆ ತರ್ಜುಮೆ ಮಾಡಿಸಿಕೊಳ್ಳಲಿ! ಬಾಬಾಸಾಹೇಬರು ಸೂಟು ಹಾಕಿದ್ದು, ಈ ತಾಯಿ ಸೂಟಿನ ಕಡೆಯವರ ಬಟ್ಟೆ ಬಿಟ್ಟಿದ್ದು, ಎರಡೂ ಒಂದೇ ಅಂತ ನನಗನ್ನಿಸುತ್ತೆ. ನಮ್ಮವರಿಗೆ ಒಳ್ಳೆ ಬಟ್ಟೆ ಹಾಕೋ ಹಕ್ಕೇ ಇರಲಿಲ್ಲ, ಅದಕ್ಕೆ ಸೂಟು. ಅಲ್ಲಿ ತಮ್ಮ ಬಟ್ಟೆ ಹಾಕಿದವರನ್ನ ಕೀಳಾಗಿ ನೋಡ್ತಿದ್ದರು, ಅದಕ್ಕೆ ಅದೇ ಬಟ್ಟೆ.

ಮೆರವಣಿಗೆಗೆ ಪರವಾನಗಿ ಕೊಡದಿದ್ದಾಗ ಇದು ಹಬ್ಬ, ಪಿಕ್ನಿಕ್ ಅಂತ ಹೇಳಿ ಸಾವಿರಾರು ಹೆಂಗಸರು ಅರಮನೆ ಮುಂದೆ ಸೇರಿದರು. ಬ್ರಿಟಿಷರ ಬೆಂಬಲ ಇದ್ದ ಅಲಾಕೆ, ಅಂದರೆ ಅಲ್ಲಿನ ರಾಜ, 1949ರ ಜನವರಿಯಲ್ಲಿ ಗದ್ದುಗೆ ಬಿಟ್ಟು ಹೋಗಬೇಕಾಯ್ತು. ಹೆಂಗಸರ ತೆರಿಗೆ ನಿಂತಿತು, ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆ ಜಾಗ ಸಿಕ್ಕಿತು. ಮುಂದಿನ ವರ್ಷದ ಕೊನೆಗೆ ರಾಜ ವಾಪಸ್ ಬಂದ ಅನ್ನೋದೂ ನಿಜ. ಆದರೆ ತೆರಿಗೆ ತಗೊಂಡವರು ಲೆಕ್ಕ ಕೊಡಬೇಕು ಅನ್ನೋ ಮಾತು ಒಂದು ಸಲ ಸಂತೆಗೆ ಬಂದ ಮೇಲೆ ಅದನ್ನ ವಾಪಸ್ ಕಳಿಸೋಕಾಗಲ್ಲ.

ಈಗ ಅವೊಲೊವೊ ಹತ್ತಿರ ಬರೋಣ. 1909ರಲ್ಲಿ ಇಕೆನ್ನೆ ಅನ್ನೋ ಊರಲ್ಲಿ ಹುಟ್ಟಿದರು. ತಂದೆ ರೈತ, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹುಡುಗ ಸಿಕ್ಕ ಸಿಕ್ಕ ಕೆಲಸ ಮಾಡಿ ಫೀಸು ಹೊಂದಿಸಿದ. ಶಿಕ್ಷಕ, ಟೈಪಿಸ್ಟು, ಗುಮಾಸ್ತ, ಪತ್ರಿಕಾ ವರದಿಗಾರ, ವ್ಯಾಪಾರಿ, ಎಲ್ಲ ಆದರು. ದುಡೀತಾ ದುಡೀತಾ ಲಂಡನ್ ವಿಶ್ವವಿದ್ಯಾಲಯದ ಬಿ.ಕಾಂ. ಪರೀಕ್ಷೆಯನ್ನು ಊರಲ್ಲೇ ಇದ್ದು 1944ರಲ್ಲಿ ಪಾಸು ಮಾಡಿದರು. ಆಮೇಲೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದರು. 1951ರಲ್ಲಿ ಆ್ಯಕ್ಷನ್ ಗ್ರೂಪ್ ಪಕ್ಷ ಕಟ್ಟಿ, 1954ರಲ್ಲಿ ಪಶ್ಚಿಮ ಪ್ರಾಂತ್ಯದ ಪ್ರೀಮಿಯರ್ ಆದರು. ಫೀಸಿಗೆ ಪರದಾಡಿದವನಿಗೇ ಫೀಸಿಲ್ಲದ ಶಾಲೆಯ ಬೆಲೆ ಗೊತ್ತು.

ಆದರೆ ಆ ಯೋಜನೆಯನ್ನು ಕಾಗದದ ಮೇಲೆ ತಂದವರು ಸ್ಟೀಫನ್ ಒಲುವೊಲೆ ಅವೊಕೊಯಾ. ಮೇಷ್ಟ್ರು, ಒಂದು ಕಾಲೇಜಿನ ಮೊದಲ ಪ್ರಿನ್ಸಿಪಾಲರು, ಆಮೇಲೆ ಶಿಕ್ಷಣ ಮಂತ್ರಿ. 1952ರಲ್ಲೇ ಶಾಸನಸಭೆ ಮುಂದೆ ಪ್ರಸ್ತಾವನೆ ಇಟ್ಟರು. ಶುರು ಮಾಡೋದು 1955ಕ್ಕೆ. ನಡುವಿನ ಎರಡೂವರೆ ವರ್ಷದಲ್ಲಿ ಶಿಕ್ಷಕರ ತರಬೇತಿ ಹೆಚ್ಚಿಸಬೇಕು, ಕೊಠಡಿ ಕಟ್ಟಬೇಕು. ಇಲ್ಲಿ ನೋಡಿ, ಘೋಷಣೆ ಮಾಡಿದ ದಿನವೇ ಉದ್ಘಾಟನೆ ಮಾಡಲಿಲ್ಲ. ಪಕ್ಕದ ಪೂರ್ವ ಪ್ರಾಂತ್ಯ 1957ರಲ್ಲಿ ಉಚಿತ ಶಿಕ್ಷಣ ತಂದಿತು. ಖರ್ಚು ತಾಳಲಾರದೆ ಮರುವರ್ಷವೇ ಮತ್ತೆ ಫೀಸು ಹಾಕಿತು, ತಾಯಂದಿರು ಬೀದಿಗಿಳಿದರು. ಆಸೆ ಎರಡೂ ಕಡೆ ಇತ್ತು. ತಯಾರಿ ಒಂದು ಕಡೆ ಹೆಚ್ಚಿತ್ತು.

ಇನ್ನೊಬ್ಬರು ಸಿಮಿಯನ್ ಅಡೆಬೊ. ಇವರ ಹೆಸರಲ್ಲಿ ಜೈಕಾರ ಇಲ್ಲ. ರೈಲ್ವೆಯಲ್ಲಿ ಕೆಲಸ ಶುರು ಮಾಡಿ, ಕಾನೂನು ಓದಿ, ಪಶ್ಚಿಮ ಪ್ರಾಂತ್ಯದ ಆಡಳಿತ ಸೇವೆಯ ಮುಖ್ಯಸ್ಥರಾದವರು. ಬಿಳಿಯ ಅಧಿಕಾರಿಗಳ ಜಾಗಕ್ಕೆ ಕಲಿತ ನೈಜೀರಿಯನ್ನರು ಬರುತ್ತಿದ್ದ ಕಾಲ ಅದು. ಮಂತ್ರಿಯ ಮಾತನ್ನು ಆದೇಶ ಮಾಡೋದು, ಆದೇಶಕ್ಕೆ ಅನುದಾನ ಹೊಂದಿಸೋದು, ಆಗದ್ದನ್ನ ಆಗಲ್ಲ ಅಂತ ಷರಾ ಬರೆಯೋದು, ಇದು ಅಂಥವರ ಕೆಲಸ. ಮುಂದೆ ವಿಶ್ವಸಂಸ್ಥೆಯಲ್ಲಿ ನೈಜೀರಿಯಾದ ಪ್ರತಿನಿಧಿಯಾದರು. 1970ರಲ್ಲಿ ನೌಕರರ ಸಂಬಳ ಪರಿಷ್ಕರಣೆಗೆ ಆಯೋಗ ಮಾಡಿದಾಗ ಅದಕ್ಕೂ ಇವರೇ ಅಧ್ಯಕ್ಷರು.

ದುಡ್ಡು? ಕೋಕೋ ಬೆಳೆಯಿಂದ ಬಂದ ಹಣ, ಜನರ ಮೇಲೆ ಹಾಕಿದ ಹೊಸ ತೆರಿಗೆ. ಜನಕ್ಕೆ ಸಿಟ್ಟು ಬಂತು. 1954ರ ಫೆಡರಲ್ ಚುನಾವಣೆಯಲ್ಲಿ ಸ್ವಂತ ಪ್ರಾಂತ್ಯದಲ್ಲೇ ಅವೊಲೊವೊ ಪಕ್ಷ ಹಿಂದೆ ಬಿತ್ತು. ಸೋತ ಎರಡೇ ತಿಂಗಳಿಗೆ ಶಾಲೆ ಶುರು ಮಾಡಬೇಕು. ಯೋಜನೆ ಮುಂದೂಡೋಕೆ ಅದಕ್ಕಿಂತ ಒಳ್ಳೆ ನೆಪ ಬೇಕಿರಲಿಲ್ಲ. ಮುಂದೂಡಲಿಲ್ಲ.

ಇವರು ದೇವರಲ್ಲ. ಇದನ್ನೂ ಹೇಳಲೇಬೇಕು. 1962ರ ಕೋಕರ್ ಆಯೋಗ, ರೈತರ ಕೋಕೋ ಹಣ ಸರ್ಕಾರಿ ನಿಗಮಗಳ ಮೂಲಕ ಪಕ್ಷಕ್ಕೆ ಹರಿದಿದೆ ಅಂತ ಹೇಳಿತು. 1963ರಲ್ಲಿ ರಾಜದ್ರೋಹದ ಕೇಸಿನಲ್ಲಿ ಅವೊಲೊವೊಗೆ ಹತ್ತು ವರ್ಷ ಶಿಕ್ಷೆ ಆಯ್ತು, 1966ರಲ್ಲಿ ಬಿಡುಗಡೆ. ಬಿಯಾಫ್ರಾ ಯುದ್ಧದಲ್ಲಿ ಅವರು ಹಣಕಾಸು ಹೊಣೆ ಹೊತ್ತಿದ್ದರು, ಶತ್ರುವಿಗೆ ಆಹಾರ ಹೋಗದಂತೆ ತಡೆಯೋದನ್ನ ಸಮರ್ಥಿಸಿದರು. ಹಸಿವಿನಿಂದ ಸತ್ತವರಲ್ಲಿ ಇಗ್ಬೊ ಮಕ್ಕಳು ಲೆಕ್ಕವಿಲ್ಲದಷ್ಟು. ಎಂಟು ಲಕ್ಷ ಮಕ್ಕಳಿಗೆ ಶಾಲೆ ಕೊಟ್ಟ ಮನುಷ್ಯನೇ ಇದನ್ನೂ ಒಪ್ಪಿದ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಟ್ಟರೆ ನಾವು ಬರೆಯೋದು ಚರಿತ್ರೆ ಆಗಲ್ಲ, ಭಜನೆ ಆಗುತ್ತೆ.

ಫುನ್ಮಿಲಾಯೊ ಅವರ ಕೊನೆ ಕೇಳಿದರೆ ಹೊಟ್ಟೆ ಉರಿಯುತ್ತೆ. ಮಗ ಫೆಲಾ, ದೊಡ್ಡ ಹಾಡುಗಾರ, ಸೈನ್ಯವನ್ನ ಹಾಡಲ್ಲೇ ಬೈಯುತ್ತಿದ್ದವನು. 1977ರ ಫೆಬ್ರವರಿಯಲ್ಲಿ ಸೈನಿಕರು ಅವನ ಮನೆಗೆ ನುಗ್ಗಿ ಎಪ್ಪತ್ತು ದಾಟಿದ ತಾಯಿಯನ್ನು ಕಿಟಕಿಯಿಂದ ಹೊರಗೆ ಎಸೆದರು. ಆ ಪೆಟ್ಟಿನಿಂದ ಚೇತರಿಸಿಕೊಳ್ಳಲೇ ಇಲ್ಲ, ಮರುವರ್ಷ ತೀರಿಕೊಂಡರು. ಇನ್ನೊಬ್ಬ ಮಗ ಒಲಿಕೊಯೆ, ಮಕ್ಕಳ ಡಾಕ್ಟರು. 1985ರಲ್ಲಿ ಸೈನ್ಯದ ಸರ್ಕಾರದಲ್ಲೇ ಆರೋಗ್ಯ ಮಂತ್ರಿಯಾದರು. ಹೇಗೆ ಒಪ್ಪಿಕೊಂಡರು ಅಂತ ಕೇಳಬಹುದು, ಕೇಳಬೇಕು ಕೂಡ. ಆದರೆ ಏಳು ವರ್ಷ ಆ ಕುರ್ಚಿಯಲ್ಲಿ ಕೂತು ಅವರು ಹಿಡಿದಿದ್ದು ಪ್ರಾಥಮಿಕ ಆರೋಗ್ಯವನ್ನ: ಲಸಿಕೆ, ತಾಯಿ ಮಗುವಿನ ಆರೈಕೆ. 1997ರಲ್ಲಿ ಫೆಲಾ ತೀರಿಕೊಂಡಾಗ, ಏಡ್ಸ್ ಅಂತ ಹೇಳೋಕೆ ಜನ ನಾಚುತ್ತಿದ್ದ ಕಾಲದಲ್ಲಿ, ನನ್ನ ತಮ್ಮ ಏಡ್ಸ್‌ನಿಂದ ಸತ್ತ ಅಂತ ಪತ್ರಕರ್ತರನ್ನ ಕರೆದು ಹೇಳಿದರು. ಬೇರೆಯವರ ಮಕ್ಕಳು ಉಳಿಯಲಿ ಅಂತ.

ಈಗ ನಮ್ಮ ವಿಷಯ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿದರು. ಆ ನಾಲ್ಕು ವರ್ಷದ ಕಡತಗಳ ಬಗ್ಗೆ ಜಯಂತಿ ಭಾಷಣದಲ್ಲಿ ಎಷ್ಟು ಸಲ ಕೇಳಿದ್ದೀರಿ? ನಮಗೆ ಬೀದಿ ಗೊತ್ತು, ಫೋಟೋ ಗೊತ್ತು. ಕಡತದ ಹತ್ತಿರ ಹೋಗೋಕೆ ಬೇಜಾರು. ಬೀದಿ ಬೇಡ ಅಂತ ನಾನು ಹೇಳ್ತಿಲ್ಲ. ಅಬೆಯೋಕುಟಾದ ಹೆಂಗಸರು ಬೀದಿಗೆ ಬರದಿದ್ದರೆ ತೆರಿಗೆ ನಿಲ್ಲುತ್ತಿರಲಿಲ್ಲ. ಅವೊಕೊಯಾ ಕೂತು ಲೆಕ್ಕ ಹಾಕದಿದ್ದರೆ ಶಾಲೆಯೂ ಶುರುವಾಗುತ್ತಿರಲಿಲ್ಲ.

ನಮ್ಮಲ್ಲಿ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ನಿಮ್ಮ ತಾಲೂಕಿನ ಕ್ರಿಯಾ ಯೋಜನೆ ಕೇಳಿ. ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಬಂತು, ಎಷ್ಟು ಖರ್ಚಾಯ್ತು, ಎಷ್ಟು ಬೇರೆ ಕಡೆ ಹೋಯ್ತು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಬರೆಯೋಕೆ ಬರದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನು ಬರೆದು ಕೊಡ್ತೀನಿ. ಆಫೀಸಿನ ಭಾಷೆ ನನಗೆ ಗೊತ್ತಿದೆ, ಅಷ್ಟಾದರೂ ಉಪಯೋಗಕ್ಕೆ ಬರಲಿ.

ಜೈ ಭೀಮ್.