ಅರುಣಾ ಪರವಾಗಿ ಮಾತಾಡಬೇಕಾದವರು ಯಾರು?

ನಾನು ಕಾಮರ್ಸ್ ಓದಿದವನು. ಯಾವ ಫಾರ್ಮ್ ಕೊಟ್ರೂ ಮೊದಲು ಕಣ್ಣು ಹೋಗೋದು ನಾಮಿನಿ ಕಾಲಂಗೆ. ಆದ್ರೆ ಎರಡು ವರ್ಷದ ಹಿಂದೆ ನಮ್ಮ ತಾತ ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾಗ, ವೆಂಟಿಲೇಟರ್ ಹಾಕೋದಾ ಬೇಡ್ವಾ ಅಂತ ಡಾಕ್ಟರ್ ಕೇಳಿದ್ರು. ಅಪ್ಪ ದೊಡ್ಡಪ್ಪನ ಮುಖ ನೋಡಿದ್ರು, ದೊಡ್ಡಪ್ಪ ಅತ್ತೆ ಮುಖ ನೋಡಿದ್ರು. ತಾತನಿಗೆ ಏನು ಬೇಕಿತ್ತು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಈ ಕಂತು ಆ ಪ್ರಶ್ನೆಯ ಚರಿತ್ರೆ.

ನಮ್ಮ ದೇಶದಲ್ಲಿ ಈ ಚರಿತ್ರೆ ಹೇಳೋಕೆ ಹೊರಟರೆ ಉತ್ತರ ಕನ್ನಡದ ಹಳದೀಪುರದ ಒಬ್ಬ ಹೆಣ್ಣುಮಗಳ ಹೆಸರು ಬಂದೇ ಬರುತ್ತೆ. ಅರುಣಾ ಶಾನಭಾಗ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್ ಬಾಯ್ ನಾಯಿ ಕಟ್ಟುವ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮೆದುಳಿಗೆ ರಕ್ತ ಹೋಗದೆ ಆದ ಹಾನಿ ಮತ್ತೆ ಸರಿಹೋಗಲೇ ಇಲ್ಲ. ಆಗ ಅವರಿಗೆ 25 ವರ್ಷ.

ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು: ಆಹಾರ ಕೊಡೋದು ನಿಲ್ಲಿಸಿ, ಶಾಂತವಾಗಿ ಹೋಗಲಿ. ದಶಕಗಳಿಂದ ತಿನ್ನಿಸಿ, ತೊಳೆದು ನೋಡಿಕೊಂಡಿದ್ದ ಕೆಇಎಂ ನರ್ಸ್‌ಗಳು ಸುತಾರಾಂ ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಕೋರ್ಟ್ ಅರುಣಾ ಪರ ನಿರ್ಧರಿಸುವ ಹಕ್ಕು ಆಸ್ಪತ್ರೆ ಸಿಬ್ಬಂದಿಯದ್ದು ಅಂದಿತು. ಜೊತೆಗೆ, ಬೇರೆ ಪ್ರಕರಣಗಳಲ್ಲಿ ಹೈಕೋರ್ಟ್ ಒಪ್ಪಿದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಅಂತಲೂ ಹೇಳಿತು. ಅವತ್ತು ನರ್ಸ್‌ಗಳು ಸಿಹಿ ಹಂಚಿದರು. ಅರುಣಾ ತೀರಿಕೊಂಡಿದ್ದು 2015ರ ಮೇ 18ರಂದು, ನ್ಯುಮೋನಿಯಾದಿಂದ.

ನನಗೆ ಇಬ್ಬರ ಮೇಲೂ ಸಿಟ್ಟು ಬರಲ್ಲ. ಇಬ್ಬರದ್ದೂ ಪ್ರೀತಿಯೇ. ಆದ್ರೆ ಅಷ್ಟು ಜನ ಮಾತಾಡಿದರಲ್ಲ, ಅದರಲ್ಲಿ ಅರುಣಾ ಅವರದ್ದು ಅಂತ ಒಂದು ಮಾತೂ ಇರಲಿಲ್ಲ.

ಆ ಮಾತನ್ನ ಮೊದಲೇ ಬರೆದಿಡೋದೇ ಲಿವಿಂಗ್ ವಿಲ್. ಕಾಮನ್ ಕಾಸ್ ಸಂಸ್ಥೆ 2005ರಲ್ಲಿ ಹಾಕಿದ ಅರ್ಜಿಗೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಿಗೆ ಕೊಟ್ಟಿತು. ಆದ್ರೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. ಅದಕ್ಕೆ ಓಡಾಡೋರು ಯಾರು? 2023ರಲ್ಲಿ ಕೋರ್ಟೇ ಸಡಿಲಿಸಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ವಾಸಿಯಾಗೋ ಆಸೆ ಇಲ್ಲ ಅಂತ ವೈದ್ಯರ ಎರಡು ಮಂಡಳಿ ಒಪ್ಪಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸೋದಕ್ಕೆ ಇಲ್ಲಿ ಜಾಗ ಇಲ್ಲ. 2025ರ ಜನವರಿ 30ರಂದು ಕರ್ನಾಟಕ ಸರ್ಕಾರವೂ ಇದನ್ನ ಜಾರಿಗೆ ತರೋಕೆ ಸುತ್ತೋಲೆ ಹೊರಡಿಸಿತು.

ನನಗೆ ಒಂದು ಅಳುಕು ಇದೆ. ಐಸಿಯು ಬಿಲ್ ಮಕ್ಕಳ ತಲೆ ಮೇಲೆ ಬೀಳುತ್ತೆ ಅಂತ ಹೆದರಿ ಒಬ್ಬರು 'ನನಗೇನೂ ಬೇಡ' ಅಂತ ಬರೆದರೆ, ಅದು ಅವರ ಇಚ್ಛೆನಾ, ಅವರ ಬಡತನನಾ? ಮಂಡಳಿ ನೋಡೋದು ಕಾಯಿಲೆಯನ್ನ, ಜೇಬನ್ನಲ್ಲ. ಬರೆದದ್ದನ್ನ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು, ನಿಜ. ಹೆದರಿಕೆಯನ್ನ ವಾಪಸ್ ತಗೊಳೋದು ಹೇಗೆ?

ಆದರೂ ಕಳೆದ ವಾರ ನನ್ನದೊಂದು ಬರೆಯೋಕೆ ಕೂತೆ. ನನ್ನ ಪರ ಮಾತಾಡೋರ ಹೆಸರು ಬೇಕು. ಮೊದಲನೆಯದು ತಂಗಿ. ಎರಡನೆಯದಕ್ಕೆ ಅಮ್ಮನ್ನ ಕೇಳಿದೆ. "ಸಂಜೆ ಹೊತ್ತಲ್ಲಿ ಇದೇನೋ ನಿಂದು, ಎದ್ದು ಊಟ ಮಾಡು" ಅಂದ್ರು. ಆ ಜಾಗ ಇನ್ನೂ ಖಾಲಿ ಇದೆ.