ಮೂರು ಎಪಿಸೋಡ್ ನೋಡಿ ಹೇಳ್ತೀನಿ

ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ನಮ್ಮ ಐಟಿ ಮಂದಿಗೆ ಈ ನಾಲ್ಕು ತಿಂಗಳು ಅಂದ್ರೆ ಹೊಸ ಕ್ವಾರ್ಟರ್, ಹೊಸ ಟಾರ್ಗೆಟ್, ಮ್ಯಾನೇಜರ್ ಮುಖದಲ್ಲಿ ಹೊಸ ಉತ್ಸಾಹ. ಅನಿಮೆ ನೋಡುವವರಿಗೆ ಇದೇ ನಾಲ್ಕು ತಿಂಗಳು ಹೊಸ ಸೀಸನ್. ಜಪಾನಿನಲ್ಲಿ ಒಂದೆರಡು ವಾರದೊಳಗೆ ಹತ್ತಾರು ಹೊಸ ಸರಣಿಗಳು ಒಟ್ಟಿಗೆ ಶುರುವಾಗುತ್ತವೆ. ಸೋಮವಾರ ಬೆಳಗ್ಗೆ ಆಫೀಸಿನ ಕಾಫಿ ಮಷಿನ್ ಹತ್ತಿರ ತೀರ್ಪು ಹೊರಬೀಳುತ್ತದೆ: 'ಅದು ಚೆನ್ನಾಗಿದೆ ಮಗಾ', 'ಇದು ಹತ್ತು ನಿಮಿಷಕ್ಕೇ ಡ್ರಾಪ್', 'ಅದನ್ನ ಮೂರು ಎಪಿಸೋಡ್ ನೋಡಿ ಹೇಳ್ತೀನಿ'.

ಬೆಳೆಯುವ ಸಿರಿ ಮೊಳಕೆಯಲ್ಲೇ ಅಂತ ಗಾದೆ ಇದೆಯಲ್ಲ, ಅದೇ ಲೆಕ್ಕ. ಆದರೆ ಅನಿಮೆಯ ಚರಿತ್ರೆ ತೆಗೆದು ನೋಡಿದರೆ ಈ ಗಾದೆ ಎಷ್ಟು ಸಲ ಗೆದ್ದಿದೆ, ಎಷ್ಟು ಸಲ ಮಕಾಡೆ ಬಿದ್ದಿದೆ ಅನ್ನೋದು ಒಳ್ಳೇ ಕಥೆ.

ಮೊದಲು ಸೀಸನ್ ಅಂದ್ರೇನು ಅಂತ ಹೇಳಿಬಿಡ್ತೀನಿ. ವರ್ಷಕ್ಕೆ 52 ವಾರ. ನಾಲ್ಕರಿಂದ ಭಾಗಿಸಿದರೆ 13. ವಾರಕ್ಕೊಂದರಂತೆ ಮೂರು ತಿಂಗಳಿಗೆ ಹದಿಮೂರು ಎಪಿಸೋಡ್. ಈ ಕಂತಿಗೆ ಜಪಾನಿನ ಟಿವಿಯವರು 'ಕೂರ್' ಅನ್ನುತ್ತಾರೆ. ಅಲ್ಲಿ ಶಾಲೆಯೂ ಸರ್ಕಾರದ ಲೆಕ್ಕದ ವರ್ಷವೂ ಏಪ್ರಿಲ್‌ನಲ್ಲೇ ಶುರು. ಅದಕ್ಕೇ ಚಾನೆಲ್‌ಗಳು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ದೊಡ್ಡ ಮಟ್ಟದಲ್ಲಿ ಕಾರ್ಯಕ್ರಮ ಬದಲಿಸುತ್ತವೆ. ನಮ್ಮಲ್ಲಿ ಮುಂಗಾರು ಹಿಂಗಾರು ಅಂತ ಎರಡು ಬಿತ್ತನೆ ಇರುವ ಹಾಗೆ. ಜನವರಿ, ಜುಲೈ ಕೊಂಚ ಸಣ್ಣ ಬೆಳೆ.

ಟಿವಿ ಅನಿಮೆಯ ನಿಜವಾದ ಮೊದಲ ಬಿತ್ತನೆ ಆಗಿದ್ದು 1963ರ ಜನವರಿ 1ರಂದು. ಫುಜಿ ಟಿವಿಯಲ್ಲಿ ಒಸಾಮು ತೆಜುಕಾ ಅವರ 'ಟೆಟ್ಸುವಾನ್ ಆಟಮ್' ಶುರುವಾಯಿತು. ಹೊರದೇಶಗಳಲ್ಲಿ ಅದೇ 'ಆಸ್ಟ್ರೋ ಬಾಯ್'. ವಾರಕ್ಕೆ ಅರ್ಧ ಗಂಟೆಯ ಅನಿಮೇಷನ್ ಮಾಡೋದು ಆಗದ ಮಾತು ಅಂತ ಆಗಿನ ಲೆಕ್ಕಾಚಾರ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಅಷ್ಟಕ್ಕೂ ಬೇರೆಬೇರೆ ಚಿತ್ರ ಬರೆಯುತ್ತಾ ಕೂತರೆ ಒಂದು ಎಪಿಸೋಡಿಗೇ ತಿಂಗಳುಗಟ್ಟಲೆ ಬೇಕು. ತೆಜುಕಾ ಅವರ ಮುಶಿ ಪ್ರೊಡಕ್ಷನ್ ಒಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದಿಟ್ಟಿತು, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಮಾತಾಡುವಾಗ ಬಾಯಿ ಮಾತ್ರ ಆಡುತ್ತದೆ, ಮಿಕ್ಕ ಮುಖ ಸ್ಥಿರ. ಒಮ್ಮೆ ಬರೆದ ಹಾರುವ ದೃಶ್ಯವನ್ನು ಎತ್ತಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರು. ಇದಕ್ಕೆ ಅವರಿಟ್ಟ ಹೆಸರು 'ಬ್ಯಾಂಕ್'. ನಾವು ಕೋಡ್ ರೀಯೂಸ್ ಅನ್ನೋದು ಇದಕ್ಕೇ ತಾನೆ?

ಕುಶಲಿಗಳ ಕಣ್ಣಿಗೆ ಇದು ಕಳಪೆ ಕೆಲಸ. ಅನಿಮೇಷನ್ ಅಂದರೆ ಡಿಸ್ನಿ ಅಂದುಕೊಂಡವರಿಗೆ ಇದು ಚಲಿಸುವ ಚಿತ್ರವೇ ಅಲ್ಲ. ಆದರೆ ಮಕ್ಕಳಿಗೆ ಕಥೆ ಹಿಡಿಸಿತು. ಚಾನೆಲ್ ಕೊಡುತ್ತಿದ್ದ ಹಣ ಖರ್ಚಿಗೆ ಸಾಲದಿದ್ದರೂ ಸರಣಿ ನಾಲ್ಕು ವರ್ಷ, 193 ಎಪಿಸೋಡ್ ಓಡಿತು. ಪ್ರಾಯೋಜಕರಾದ ಮೇಜಿ ಕಂಪನಿಯವರು ಚಾಕೊಲೇಟ್ ಜೊತೆ ಆಟಮ್ ಸ್ಟಿಕ್ಕರ್ ಕೊಟ್ಟು ಚೆನ್ನಾಗಿ ವ್ಯಾಪಾರ ಮಾಡಿಕೊಂಡರು. ಅದೇ ವರ್ಷ ಮುಗಿಯುವುದರೊಳಗೆ ಗ್ಲಿಕೊ, ಮೊರಿನಾಗ ಎಂಬ ಮಿಠಾಯಿ ಕಂಪನಿಗಳೂ ತಮ್ಮ ತಮ್ಮ ಅನಿಮೆ ಹಿಡಿದುಕೊಂಡು ಬಂದವು. ಕಡಿಮೆ ದುಡ್ಡು, ವಾರದ ಗಡುವು, ನಷ್ಟ ತುಂಬಿಸಲು ಬೇರೆ ಸಾಮಾನಿನ ಮಾರಾಟ: ಅನಿಮೆ ಉದ್ಯಮದ ಜಾತಕ ಆ ಒಂದೇ ವರ್ಷದಲ್ಲಿ ಬರೆದಾಗಿತ್ತು.

ಈಗ 1974ರ ಅಕ್ಟೋಬರ್ ಸೀಸನ್‌ಗೆ ಬನ್ನಿ. ಭಾನುವಾರ ಸಂಜೆ ಏಳೂವರೆ. ಒಂದು ಚಾನೆಲ್‌ನಲ್ಲಿ ಜನವರಿಯಿಂದಲೇ 'ಹೈಡಿ' ಬರುತ್ತಿದೆ. ಆಲ್ಪ್ಸ್ ಬೆಟ್ಟದ ಅಜ್ಜ, ಮೊಮ್ಮಗಳು, ಆಡುಗಳು. ನಿರ್ದೇಶನ ಇಸಾವೊ ತಕಾಹಾಟಾ, ದೃಶ್ಯಗಳ ಲೇಔಟ್ ಹಯಾವೊ ಮಿಯಾಝಾಕಿ. ಮನೆಮಂದಿಯೆಲ್ಲ ಅದಕ್ಕೇ ಅಂಟಿಕೊಂಡಿದ್ದಾರೆ. ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ ಅಕ್ಟೋಬರ್ 6ರಂದು 'ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ' ಶುರುವಾಯಿತು. ವಿಕಿರಣದಿಂದ ಸಾಯುತ್ತಿರುವ ಭೂಮಿ, ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಯುದ್ಧನೌಕೆಯನ್ನೇ ಅಂತರಿಕ್ಷ ನೌಕೆ ಮಾಡಿಕೊಂಡು ಹೊರಟವರು, ವಿಕಿರಣ ತೆಗೆಯುವ ಯಂತ್ರ ತರಲು ಒಂದೇ ವರ್ಷದ ಗಡುವು. ಪ್ರತಿ ಎಪಿಸೋಡಿನ ಕೊನೆಗೆ ಭೂಮಿಗೆ ಉಳಿದ ದಿನಗಳ ಲೆಕ್ಕ.

ಭಾನುವಾರ ಊಟದ ಹೊತ್ತಿಗೆ ಇಷ್ಟು ಭಾರದ ಕಥೆ ಯಾರಿಗೆ ಬೇಕು? ರೇಟಿಂಗ್ ಏಳಲಿಲ್ಲ. 39 ಎಪಿಸೋಡ್ ಅಂದುಕೊಂಡಿದ್ದನ್ನು 26ಕ್ಕೆ ಕತ್ತರಿಸಿದರು. ಭೂಮಿ ಉಳಿಸಲು ಹೊರಟವರಿಗೇ ದಿನ ಸಾಲದೆ ಹೋಯಿತು.

ಆದರೆ ಮರುಪ್ರಸಾರದಲ್ಲಿ ಬೇರೆಯೇ ಪ್ರೇಕ್ಷಕರು ಸಿಕ್ಕರು. ಹೈಸ್ಕೂಲು, ಕಾಲೇಜು ಹುಡುಗರು. ಕಾರ್ಟೂನ್ ನೋಡುವ ವಯಸ್ಸು ದಾಟಿದೆ ಅಂತ ಟಿವಿಯವರು ಲೆಕ್ಕದಿಂದಲೇ ತೆಗೆದುಹಾಕಿದ್ದವರು. ಅಭಿಮಾನಿ ಸಂಘಗಳು ಹುಟ್ಟಿದವು. 1977ರ ಆಗಸ್ಟ್‌ನಲ್ಲಿ ಆ ಸರಣಿಯನ್ನೇ ಕತ್ತರಿಸಿ ಜೋಡಿಸಿ ಸಿನಿಮಾ ಮಾಡಿದಾಗ ಹಿಂದಿನ ರಾತ್ರಿಯೇ ಥಿಯೇಟರ್ ಮುಂದೆ ಸಾಲು ನಿಂತಿತ್ತು. ಸೋತ ಸರಣಿಗೆ! ದೊಡ್ಡವರಾಗುತ್ತಿರುವವರೂ ಅನಿಮೆ ನೋಡುತ್ತಾರೆ ಎಂಬ ಸತ್ಯ ಉದ್ಯಮಕ್ಕೆ ಗೊತ್ತಾಗಿದ್ದು ಒಂದು 'ಫ್ಲಾಪ್'ನಿಂದ.

ಐದು ವರ್ಷದ ನಂತರ ಅದೇ ಕಥೆ. 1979ರ ಏಪ್ರಿಲ್ ಸೀಸನ್, ಏಪ್ರಿಲ್ 7, ಶನಿವಾರ ಸಂಜೆ. 'ಮೊಬೈಲ್ ಸೂಟ್ ಗಂಡಮ್'. ರೋಬಾಟ್ ಗೊಂಬೆ ಮಾರಬೇಕಿದ್ದ ಆಟಿಕೆ ಕಂಪನಿಯ ದುಡ್ಡು. ನಿರ್ದೇಶಕ ಯೊಶಿಯುಕಿ ತೊಮಿನೊ ಮಾಡಿದ್ದು ಮಾತ್ರ ಯುದ್ಧದ ಕಥೆ. ಹೀರೋ ಆದ ಹುಡುಗ ಹೆದರುತ್ತಾನೆ, ಸಿಡುಕುತ್ತಾನೆ, ನಾನು ಓಡಿಸಲ್ಲ ಅಂತ ಕೂರುತ್ತಾನೆ. ಎದುರು ಪಕ್ಷದಲ್ಲೂ ಮನುಷ್ಯರೇ ಇದ್ದಾರೆ. ಗೊಂಬೆ ಮಾರುವವರಿಗೆ ಇದು ತಲೆನೋವು. 52 ಎಂದಿದ್ದನ್ನು 43ಕ್ಕೆ ನಿಲ್ಲಿಸಿದರು. 1980ರ ಜನವರಿಯಲ್ಲಿ ಮುಗಿಯಿತು. ಅದೇ ವರ್ಷ ಜುಲೈನಲ್ಲಿ ಬಂಡಾಯ್ ಕಂಪನಿ ಅದರ ಜೋಡಿಸುವ ಮಾಡೆಲ್ ಕಿಟ್ ತಂದಾಗ ಅಂಗಡಿಗಳಲ್ಲಿ ದಾಸ್ತಾನು ನಿಲ್ಲಲಿಲ್ಲ. 1981ರ ಫೆಬ್ರುವರಿ 22ರಂದು, ಮೊದಲ ಗಂಡಮ್ ಸಿನಿಮಾ ಬರುವ ಮುಂಚೆ, ಟೋಕಿಯೊದ ಶಿಂಜುಕುನಲ್ಲಿ ಸಾವಿರಾರು ಯುವಕರು ಸೇರಿದರು. ಇದು ಅನಿಮೆಯ ಹೊಸ ಶತಮಾನ ಅಂತ ಅಲ್ಲಿ ಘೋಷಣೆಯೇ ಆಯಿತು. ಇವತ್ತಿಗೂ ಗಂಡಮ್ ಕಿಟ್ ಮಾರಾಟವಾಗುತ್ತಲೇ ಇದೆ. ನಮ್ಮ ಬೆಂಗಳೂರಿನ ಹುಡುಗರ ಮೇಜಿನ ಮೇಲೂ ನಿಂತಿವೆ.

ಈ ಎರಡು ಕಥೆ ಓದುವಾಗ ನನಗೆ ನನ್ನ ಮೊದಲ ಕ್ಯಾಂಪಸ್ ಇಂಟರ್‌ವ್ಯೂ ನೆನಪಾಗುತ್ತದೆ. ಕನ್ನಡ ಮೀಡಿಯಮ್ಮಿಂದ ಬಂದವನು. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದಾಗ ಎರಡು ವಾಕ್ಯ ಹೇಳಿದೆ, ಮೂರನೆಯದಕ್ಕೆ ನಾಲಿಗೆ ತೊಡರಿತು. ಎದುರು ಕೂತವರು ನಗುತ್ತಲೇ ಫೈಲ್ ಮುಚ್ಚಿದರು. ಐದೇ ನಿಮಿಷ. ಪ್ರೋಗ್ರಾಮ್ ಬರೆಯೋಕೆ ಬರುತ್ತಾ ಅಂತ ಕೇಳಲೇ ಇಲ್ಲ. ನಮ್ಮಂಥವರು ಇನ್ನೊಬ್ಬರನ್ನು ಮೊದಲ ಹತ್ತು ನಿಮಿಷದಲ್ಲಿ ತೂಗಿ ಬಿಸಾಕುವಾಗ ಸ್ವಲ್ಪ ಯೋಚಿಸಬೇಕು ಅನ್ನೋದು ನನಗೆ ಅನಿಮೆಯಿಂದ ಗೊತ್ತಾಗಿದ್ದಲ್ಲ.

ಅಂದಹಾಗೆ, ನಮ್ಮ ತಲೆಮಾರಿನ ಬಹಳ ಮಂದಿ ನೋಡಿದ ಮೊದಲ ಅನಿಮೆಯೂ ಜಪಾನಿನ ಒಂದು ಅಕ್ಟೋಬರ್ ಸೀಸನ್ನಿನದೇ. 1989ರ ಅಕ್ಟೋಬರ್‌ನಲ್ಲಿ ಟಿವಿ ಟೋಕಿಯೊದಲ್ಲಿ ಶುರುವಾದ 'ಜಂಗಲ್ ಬುಕ್', 52 ಎಪಿಸೋಡ್. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ಗುಲ್ಜಾರ್ ಬರೆದ ಶೀರ್ಷಿಕೆ ಗೀತೆ ಹಿಂದಿ ಬಾರದ ನಮ್ಮೂರ ಹುಡುಗರ ಬಾಯಲ್ಲೂ ಇತ್ತು. ಒಂದು ಪದಕ್ಕೂ ಅರ್ಥ ಗೊತ್ತಿಲ್ಲ. ಆಂಟೆನಾ ತಿರುಗಿಸೋನೊಬ್ಬ ಮಾಡಿನ ಮೇಲೆ, ಮಿಕ್ಕವರು ಜಗಲಿಯಲ್ಲಿ. ಮೋಗ್ಲಿ ಜಪಾನಿನಿಂದ ಬಂದವನು ಅಂತ ಆಗ ಯಾರು ಹೇಳಬೇಕು? ಮುಂದಿನ ವಾರ ಏನಾಗುತ್ತೋ ಅಂತ ಕಾಯುತ್ತಿದ್ದೆವು, ಅಷ್ಟೇ. ಡ್ರಾಪ್ ಮಾಡೋಕೆ ಇನ್ನೊಂದು ಚಾನೆಲ್ಲೇ ಇರಲಿಲ್ಲ ಬಿಡಿ.

ಜಪಾನಿನಲ್ಲಿ ಅಷ್ಟರಲ್ಲಿ ಆಟದ ನಿಯಮವೇ ಬದಲಾಗುತ್ತಿತ್ತು. 1995ರ ಅಕ್ಟೋಬರ್ 4ರಂದು ಹಿದೆಯಾಕಿ ಆನ್ನೊ ಅವರ 'ನಿಯಾನ್ ಜೆನೆಸಿಸ್ ಎವಾಂಗೆಲಿಯನ್' ಶುರುವಾಯಿತು. ಮೇಲ್ನೋಟಕ್ಕೆ ಹುಡುಗ ರೋಬಾಟ್ ಓಡಿಸುವ ಇನ್ನೊಂದು ಕಥೆ. ಒಳಗೆ ಒಂಟಿತನ, ಅಪ್ಪನ ಮೇಲಿನ ಸಿಟ್ಟು, ಮನೋವ್ಯಾಧಿ. ಇಲ್ಲಿ ಜಗಳ ಆಗಿದ್ದು ಕೊನೆಯ ಇಂಪ್ರೆಷನ್ ಬಗ್ಗೆ. 25 ಮತ್ತು 26ನೇ ಎಪಿಸೋಡ್‌ಗಳಲ್ಲಿ ಕಥೆ ಬಿಟ್ಟು ಪಾತ್ರಗಳ ಮನಸ್ಸಿನೊಳಗೇ ಹೊಕ್ಕು ಮುಗಿಸಿದಾಗ ಜನ ರೊಚ್ಚಿಗೆದ್ದರು. 1997ರಲ್ಲಿ ಇನ್ನೊಂದು ಕೊನೆಯನ್ನು ಸಿನಿಮಾವಾಗಿ ಕೊಡಬೇಕಾಯಿತು. ಅದೇ ವರ್ಷ ಈ ಸರಣಿಯನ್ನು ಮಧ್ಯರಾತ್ರಿಯ ನಂತರ ಮರುಪ್ರಸಾರ ಮಾಡಿದಾಗ ಆ ಹೊತ್ತಿಗೂ ನೋಡುವವರಿದ್ದಾರೆ ಅಂತ ಎಲ್ಲರ ಕಣ್ಣು ತೆರೆಯಿತು.

ಅಲ್ಲಿಂದ ತಡರಾತ್ರಿಯ ಅನಿಮೆ ಬೆಳೆಯಿತು. ಪ್ರಕಾಶಕರು, ಸಂಗೀತ ಕಂಪನಿ, ಆಟಿಕೆಯವರು ಸೇರಿ 'ನಿರ್ಮಾಣ ಸಮಿತಿ' ಮಾಡಿಕೊಂಡು ದುಡ್ಡು ಹಾಕುವುದು, ಅಗ್ಗದ ರಾತ್ರಿ ಹೊತ್ತಿನ ಸ್ಲಾಟ್ ಹಿಡಿಯುವುದು, ಹಾಕಿದ್ದನ್ನು ಡಿವಿಡಿ ಮಾರಿ ವಾಪಸ್ ಪಡೆಯುವುದು. ರಿಸ್ಕ್ ಹಂಚಿಕೆಯಾದಾಗ ಸರಣಿಯೂ ಚಿಕ್ಕದಾಯಿತು: ಒಂದೇ ಕೂರ್, 12 ಅಥವಾ 13 ಎಪಿಸೋಡ್. ಜಪಾನಿನ ಟಿವಿಯವರು ರಾತ್ರಿ ಒಂದೂವರೆಯನ್ನು 25:30 ಅಂತ ಬರೆಯುತ್ತಾರೆ. ನಮ್ಮ ಸರ್ವರ್ ಲಾಗ್‌ನಲ್ಲಿ ಹೀಗೆ ಬಂದರೆ ಬಗ್ ಅಂತ ಟಿಕೆಟ್ ಹಾಕ್ತೀವಿ. ಆದರೆ ಸೂರ್ಯ ಹುಟ್ಟುವವರೆಗೂ ನಿನ್ನೆಯ ದಿನವೇ ಅನ್ನುವ ನಮ್ಮ ಪಂಚಾಂಗದವರಿಗೆ ಇದು ಸಲೀಸಾಗಿ ಅರ್ಥವಾದೀತು.

ಸರಣಿ ಚಿಕ್ಕದಾದಂತೆ ಮೊದಲ ಇಂಪ್ರೆಷನ್ನಿನ ಬೆಲೆ ಏರಿತು. ಅದರ ಜೊತೆ ಆಟ ಆಡಿದವರೂ ಇದ್ದಾರೆ. 2006ರ ಏಪ್ರಿಲ್‌ನಲ್ಲಿ ಕ್ಯೋಟೊ ಅನಿಮೇಷನ್ ಸ್ಟುಡಿಯೊ 'ಹರುಹಿ ಸುಜುಮಿಯಾ' ಸರಣಿಯ ಮೊದಲ ಎಪಿಸೋಡಾಗಿ ತೋರಿಸಿದ್ದು ಕಥೆಯಲ್ಲಿನ ಹೈಸ್ಕೂಲು ಮಕ್ಕಳು ತೆಗೆದ ಕೆಟ್ಟ ಸಿನಿಮಾ! ನಡುಗುವ ಕ್ಯಾಮೆರಾ, ಬಾರದ ನಟನೆ, ಎಲ್ಲವೂ ಬೇಕಂತಲೇ. ಮಿಕ್ಕ ಎಪಿಸೋಡುಗಳೂ ಹಿಂದುಮುಂದು. ಇವರೇನು ಮಾಡ್ತಿದ್ದಾರೆ ಅಂತ ಕುತೂಹಲ ಹುಟ್ಟಿದವರು ಉಳಿದರು, ಸರಣಿ ದೊಡ್ಡ ಹಿಟ್ ಆಯಿತು. 2011ರ ಜನವರಿಯಲ್ಲಿ 'ಮದೋಕಾ ಮಾಜಿಕಾ' ಮುದ್ದಾದ ಹುಡುಗಿಯರ ಮಾಯಾಜಾಲದ ಕಥೆಯ ವೇಷದಲ್ಲಿ ಬಂತು. ಮೂರನೇ ಎಪಿಸೋಡಿನಲ್ಲಿ ಮುಖ್ಯ ಪಾತ್ರವೊಂದು ಸತ್ತೇಹೋಗುತ್ತದೆ. 'ಮೂರು ಎಪಿಸೋಡ್ ನೋಡಿ' ಅನ್ನೋ ಮಾತಿಗೆ ಎಲ್ಲರೂ ಕೊಡುವ ಉದಾಹರಣೆ ಈಗ ಇದೇ. ಹತ್ತು ಎಪಿಸೋಡ್ ಆಗಿದ್ದಾಗ ಮಾರ್ಚ್ 11ರ ಭೂಕಂಪ, ಸುನಾಮಿ. ಕೊನೆಯ ಎರಡು ಎಪಿಸೋಡ್ ನೋಡಲು ಜನ ಏಪ್ರಿಲ್ 21ರ ತಡರಾತ್ರಿವರೆಗೆ ಕಾಯಬೇಕಾಯಿತು. ಕಾದರು.

ಇವತ್ತು ಅಲ್ಲಿ ಪ್ರಸಾರವಾದ ಸ್ವಲ್ಪ ಹೊತ್ತಿಗೇ ಇಲ್ಲಿ ಸಬ್‌ಟೈಟಲ್ ಸಮೇತ ಫೋನಿಗೆ ಬರುತ್ತದೆ. ತೀರ್ಪು ಕೊಡುವವರು ಟೋಕಿಯೊದಲ್ಲಷ್ಟೇ ಇಲ್ಲ, ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕ ಕ್ಯಾಬಿನಲ್ಲೂ ಇದ್ದಾರೆ. ಆ ಕಡೆ ಕೆಲಸ ಮಾಡುವವರ ಕಥೆ 2014ರ ಅಕ್ಟೋಬರ್ ಸೀಸನ್ನಿನ 'ಶಿರೊಬಾಕೊ'ದಲ್ಲೇ ಇದೆ. ಗಡುವಿಗೆ ಮುಂಚೆ ಎಪಿಸೋಡ್ ಮುಗಿಸಲು ಓಡಾಡುವ ಸ್ಟುಡಿಯೊ ಮಂದಿಯ ಕಥೆ ಅದು. ಎರಡು ಮುಖ್ಯ ಭಂಗಿಗಳ ನಡುವಿನ ಚಲನೆಯ ಚಿತ್ರ ಬರೆಯುವ ಹೊಸಬರಿಗೆ ಹೆಚ್ಚಾಗಿ ಚಿತ್ರಕ್ಕಿಷ್ಟು ಅಂತ ಕೂಲಿ. ಬೀಡಿ ಕಟ್ಟುವವರಿಗೆ ಸಾವಿರಕ್ಕಿಷ್ಟು ಅಂತ ಕೊಡುವ ಹಾಗೆ. ಅದರಲ್ಲೂ ಬಹುಪಾಲು ಕೆಲಸ ಕೊರಿಯಾ, ಚೀನಾ, ವಿಯೆಟ್ನಾಂ, ಫಿಲಿಪೈನ್ಸ್‌ಗೆ ಹೋಗುತ್ತದೆ. ಆಫ್‌ಶೋರ್ ಟೀಮ್ ಅಂದ್ರೇನು ಅಂತ ನಮಗೆ ಯಾರೂ ವಿವರಿಸಬೇಕಿಲ್ಲ. ಇದಕ್ಕೆ ಅಪವಾದವಾಗಿ ನೌಕರರಿಗೆ ಸಂಬಳ ಕೊಟ್ಟು, ಮನೆಯಲ್ಲೇ ತರಬೇತಿ ಕೊಟ್ಟು ಹೆಸರು ಮಾಡಿದ್ದು ಆ 'ಹರುಹಿ'ಯ ಕ್ಯೋಟೊ ಅನಿಮೇಷನ್. 2019ರ ಜುಲೈ 18ರಂದು ಒಬ್ಬಾತ ಅದರ ಸ್ಟುಡಿಯೊಗೆ ಬೆಂಕಿ ಇಟ್ಟ. 36 ಜನ ತೀರಿಕೊಂಡರು. ಅವರ ಹೆಸರುಗಳು ನಾವು ಸ್ಕಿಪ್ ಒತ್ತಿ ದಾಟಿಸುವ ಕ್ರೆಡಿಟ್‌ಗಳಲ್ಲಿದ್ದವು.

ಹಾಗಂತ ಬಂದದ್ದನ್ನೆಲ್ಲ ಕೊನೆವರೆಗೆ ನೋಡಿ ಅಂತ ನಾನು ಹೇಳಲ್ಲ. ಸೀಸನ್ನಿಗೆ ಐವತ್ತು ಸರಣಿ ಬಂದರೆ ಕೆಲಸ, ಸಂಸಾರ, ನಿದ್ದೆ ಬಿಟ್ಟು ಯಾರು ನೋಡ್ತಾರೆ? ಕೆಟ್ಟದ್ದು ಕೆಟ್ಟದ್ದೇ. ಆದರೆ ನಾಲ್ಕು ವರ್ಷ ಕಾಲೂರಲು ಅವಕಾಶ ಸಿಕ್ಕ ಆಟಮ್ ಎಲ್ಲಿ, 43ಕ್ಕೆ ನಿಂತರೂ ಬದುಕಿದ ಗಂಡಮ್ ಎಲ್ಲಿ, ಒಟ್ಟಾರೆ ಸಿಗೋದೇ ಹನ್ನೆರಡು ಅನ್ನುವ ಇವತ್ತಿನ ಸರಣಿ ಎಲ್ಲಿ! ಯಮಾಟೊವನ್ನು ಉಳಿಸಿದ್ದು ಮರುಪ್ರಸಾರ, ಅಂದರೆ ಎರಡನೇ ಸಲ ನೋಡುವ ವ್ಯವಧಾನ. ಇವತ್ತು ಸ್ಟ್ರೀಮಿಂಗ್‌ನಲ್ಲಿ ಎಲ್ಲವೂ ಸದಾ ಇರುತ್ತದೆ, ಆದರೆ ಮೂರು ತಿಂಗಳ ಹಿಂದಿನದನ್ನು ಹುಡುಕಿ ನೋಡುವವರು ಕಡಿಮೆ. ಹೊಸ ಸೀಸನ್ ಬಂದಾಗಿರುತ್ತದೆ.

ಬೆಳೆಯುವ ಸಿರಿ ಮೊಳಕೆಯಲ್ಲೇ ಅನ್ನುವ ನಮ್ಮಪ್ಪನೇ ರಾಗಿ ಪೈರು ಗೇಣುದ್ದ ಬಂದಾಗ ಅದರ ಮೇಲೆ ಕುಂಟೆ ಹೊಡೆಯುತ್ತಿದ್ದರು. ನೋಡಿದವರಿಗೆ ಹೊಲ ಹಾಳಾಯಿತು ಅನ್ನಿಸಬೇಕು, ಹಾಗೆ ಮಲಗಿಬಿಡುತ್ತದೆ ಪೈರು. ಆಮೇಲೊಂದು ಮಳೆ ಬಿದ್ದರೆ ತೆಂಡೆ ಒಡೆದು ಏಳುತ್ತದೆ. ಮೊಳಕೆ ನೋಡಿ ಹೇಳಬಹುದಾದದ್ದು ಬೀಜದ ಸಂಗತಿ ಮಾತ್ರ. ಮಳೆಯ ಸಂಗತಿ ಬೇರೆ.

ಅದಕ್ಕೇ ನನ್ನದೊಂದು ಸಣ್ಣ ಪದ್ಧತಿ. ಹೊಸ ಸೀಸನ್ ಶುರುವಾದಾಗ ಎಲ್ಲರೂ ಹೊಗಳುವ ಎರಡನ್ನು ನೋಡ್ತೀನಿ. ಜೊತೆಗೆ ಹಿಂದಿನ ವರ್ಷ ಎಲ್ಲರೂ ಬಿಟ್ಟ ಒಂದನ್ನು ಹುಡುಕಿ ಮೂರು ಎಪಿಸೋಡ್ ನೋಡ್ತೀನಿ. ಹೆಚ್ಚಿನವು ಬಿಟ್ಟದ್ದೇ ಸರಿ ಅನ್ನುವಂಥವು. ವರ್ಷಕ್ಕೊಂದಾದರೂ ಹಾಗಲ್ಲದ್ದು ಸಿಗುತ್ತೆ. ನಿಮಗೂ ಅಂಥದ್ದೊಂದು ಸಿಕ್ಕಿದ್ದರೆ ಹೆಸರು ಹೇಳಿ, ಈ ಅಕ್ಟೋಬರ್‌ಗೆ ಬರೆದಿಟ್ಟುಕೊಳ್ತೀನಿ.